ಉಬ್ಬಿನಲ್ಲಿ ನಮ್ಮ ಪಾಲು

ಫೆಬ್ರವರಿ ೧೧
ಹಡಗಿನಿಂದ

ಅಕ್ಕಾ,

ಹೊರಟು ವಾರವಾಯಿತು. ಬದುಕಿದ್ದೇನೆ, ಹೊಟ್ಟೆಯಲ್ಲಿ ಮಾತ್ರ ಏನೂ ನಿಲ್ಲುತ್ತಿಲ್ಲ. ಅಮ್ಮನಿಗೆ ‘ಬದುಕಿದ್ದೇನೆ’ ಎನ್ನುವವರೆಗೆ ಓದಿ ಹೇಳು, ಸಾಕು.

ನನ್ನ ಕೋಣೆಗೆ ಕಿಟಕಿಯಿಲ್ಲ, ಗೋಡೆಯ ಆ ಕಡೆ ಎಂಜಿನ್ನು. ದಿಂಬಿಗೆ ತಲೆ ಕೊಟ್ಟರೆ ಹಲ್ಲುಗಳು ಕಟಕಟ ಅನ್ನುತ್ತವೆ. ಅದಕ್ಕೇ ಮಲಗುವುದಕ್ಕಿಂತ ಓಡಾಡುವುದೇ ಹೆಚ್ಚು. ಡೆಕ್ಕಿಗೆ ಹೋದರೆ ಗಾಳಿ ಓಡಿಸುತ್ತದೆ, ಕೆಳಗೆ ಬಂದರೆ ಎಣ್ಣೆಯ ವಾಸನೆ ಓಡಿಸುತ್ತದೆ. ಕೊನೆಗೆ ನಮ್ಮ ಅಳತೆಯ ಕೋಣೆಗೆ ಬಂದು, ಹೊರಗಿನ ವಿಕಿರಣ ತಡೆಯುವ ಸೀಸದ ಗೂಡಿಗೆ ಒರಗಿ ಕೂರುತ್ತೇನೆ. ಕೋಣೆ ಎಂದರೆ ದೊಡ್ಡದಾಗಿ ಏನೂ ಊಹಿಸಿಕೊಳ್ಳಬೇಡ. ಮೊನ್ನೆಯವರೆಗೆ ಅದು ಆಲೂಗಡ್ಡೆ ಉಗ್ರಾಣ. ಆ ಗೂಡಿನ ತೂಕ ತಡೆಯುವ ನೆಲ ಹಡಗಿನಲ್ಲಿ ಬೇರೆಲ್ಲೂ ಇರಲಿಲ್ಲವಂತೆ. ಅಡುಗೆಯವನಿಗೆ ನನ್ನ ಮೇಲೆ ಕೆಂಡದಂಥ ಕೋಪ. "ನಿಮ್ಮ ಪೆಟ್ಟಿಗೆ ಒಳಗೆ ರಾಜನ ಹಾಗೆ ಕೂತಿದೆ, ನನ್ನ ಆಲೂಗಡ್ಡೆ ಮೆಟ್ಟಿಲ ಮೇಲೆ ಅನಾಥ ಆಗಿದೆ" ಅನ್ನುತ್ತಾನೆ. ಮೂರು ಹೊತ್ತೂ ಆಲೂಗಡ್ಡೆಯನ್ನೇ ಬೇಯಿಸಿ ಹಾಕಿ ಸೇಡು ತೀರಿಸಿಕೊಳ್ಳುತ್ತಿದ್ದಾನೆ.

ನಿನ್ನೆ ಕಪ್ತಾನರು ಕರೆಸಿ, "ನೀವು ನಿಜವಾಗ್ಲೂ ಕಾಯ್ತಿರೋದು ಏನನ್ನ?" ಅಂತ ಕೇಳಿದರು. ಒಂದು ಉಪ್ಪಿನ ಹರಳನ್ನು ಅಂದೆ. ಅವರು ಒಮ್ಮೆ ಕಿಟಕಿಯಾಚೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಉಪ್ಪಿಗೋಸ್ಕರ ಚಂದ್ರನ ತನಕ ಹೋಗ್ಬೇಕಿತ್ತಾ ತಾಯೀ? ಸುತ್ತ ಇರೋದೆಲ್ಲಾ ಏನು?"

ನಗು ತಡೆದುಕೊಂಡು ಹೀಗೆ ಹೇಳಿದೆ, ಸರಿಯೋ ತಪ್ಪೋ ನೀನು ತಿದ್ದು. "ಆಕಾಶದ ಎಲ್ಲಾ ಮೂಲೆಯಿಂದಲೂ ಸಮನಾಗಿ ಗಾಮಾ ಕಿರಣ ಬರ್ತಿರತ್ತೆ ಸಾರ್. ಯಾವ ನಕ್ಷತ್ರದ್ದೂ ಅಲ್ಲ. ಅದು ಈ ಥರ ಹರಳಿಗೆ ಬಡಿದ್ರೆ ಮಿಣಕ್ ಅನ್ನತ್ತೆ, ಆ ಮಿಣುಕನ್ನ ನಾವು ಎಣಿಸ್ತೀವಿ. ಹೋದ ಸಲ ಹಾರಿಸಿದ ನೌಕೆಯಲ್ಲಿ ಎಣಿಸಿದಾಗ ಗ್ರಾಫಿನಲ್ಲಿ ಒಂದು ಕಡೆ ಉಬ್ಬು ಕಾಣಿಸ್ತು. ನಮ್ಮಕ್ಕ ಅದು ವಿಶ್ವದ ಬಾಲ್ಯದ ಬೆಳಕು ಅಂತಾಳೆ. ಕೆಲವರು, ಅಲ್ಲ, ನಿಮ್ಮ ಹರಳೇ ಅಂತರಿಕ್ಷದಲ್ಲಿ ಏಟು ತಿಂದು ತಾನೇ ಹೊಳೀತಿದೆ ಅಂತಾರೆ. ಆ ನೌಕೆ ವಾಪಸ್ ಬರಲಿಲ್ಲ. ಅದಕ್ಕೆ ಈ ಸಲ ಅಂಥದ್ದೇ ಹರಳನ್ನ ಚಂದ್ರನ ಸುತ್ತ ಕಳಿಸಿದೀವಿ. ಅದು ವಾಪಸ್ ಬಂದು ಸಮುದ್ರಕ್ಕೆ ಬಿದ್ದ ಕೂಡಲೇ ಎತ್ತಿ, ಹೊಳೀತಿದೆಯಾ ಇಲ್ವಾ ಅಂತ ನಾನು ನೋಡ್ಬೇಕು."

ಅವರು ತಲೆ ಕೆರೆದುಕೊಂಡು, "ಹೊಳೀತಿದ್ರೆ ನಿಮ್ಮಕ್ಕನ ಕಥೆ?" ಅಂದರು. ನಾನು ಹೊಟ್ಟೆ ತೊಳೆಸುತ್ತಿದೆ ಎಂದು ಹೇಳಿ ಹೊರಗೆ ಬಂದೆ. ಅದು ಸುಳ್ಳೂ ಅಲ್ಲ.

ನಿನ್ನ ಪ್ರಬಂಧದ ಆರನೆಯ ಹೆಸರಿನವಳು,
ತಂಗಿ


ಫೆಬ್ರವರಿ ೨೦
ಪ್ರಯೋಗಾಲಯ

ಚಿನಕುರುಳಿಗೆ,

ಆರನೆಯ ಹೆಸರು ಅಂತ ಇನ್ನೊಂದು ಸಲ ಚುಚ್ಚಿದರೆ ಏಳನೆಯದು ಮಾಡುತ್ತೇನೆ. ಹೆಸರುಗಳು ಹುದ್ದೆಯ ಪ್ರಕಾರ ಬಂದಿವೆ, ಅಕ್ಕತಂಗಿಯರ ಲೆಕ್ಕದಲ್ಲಿ ಅಲ್ಲ ಎಂದು ನಿನಗೂ ಗೊತ್ತು.

ಕಪ್ತಾನರಿಗೆ ಸರಿಯಾಗಿಯೇ ಹೇಳಿದ್ದೀಯೆ, ಆದರೆ ಕೋಲಿನ ವಿಷಯ ಬಿಟ್ಟುಬಿಟ್ಟೆ. ನೌಕೆಯ ಲೋಹವೂ ಅಂತರಿಕ್ಷದ ಕಣಗಳ ಏಟಿಗೆ ಹೊಳೆಯುತ್ತದೆ ಎಂದು ನಾವೇನು ತಿಳಿಯದವರಾ? ಅದಕ್ಕೇ ಡಿಟೆಕ್ಟರನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿ ಆಚೆ ಚಾಚಿದ್ದು, ಹತ್ತಿರ ಇಟ್ಟೊಮ್ಮೆ ದೂರ ಇಟ್ಟೊಮ್ಮೆ ಅಳೆದು ನೌಕೆಯ ಪಾಲನ್ನು ಕಳೆದದ್ದು. ಕಳೆದ ಮೇಲೂ ಉಬ್ಬು ಉಳಿಯಿತು. ಅದು ಉಳಿದ ದಿನ ನೀನು ಕುರ್ಚಿಯ ಮೇಲೆ ಹತ್ತಿ ಕುಣಿದೆ, ಮರೆತೆಯಾ?

ಈಗ ಉಬ್ಬನ್ನು ಒಪ್ಪದವರ ಗುಂಪಿನ ಆ ಗಡ್ಡದವನು ಒಂದೇ ಸಾಲಿನ ಪತ್ರ ಬರೆದು ಎಲ್ಲರ ತಲೆಯಲ್ಲೂ ಹುಳ ಬಿಟ್ಟಿದ್ದಾನೆ. ‘ಕೋಲು ಎಷ್ಟೇ ಉದ್ದವಾದರೂ ಹರಳು ತನ್ನಿಂದ ತಾನು ದೂರ ಹೋಗುವುದೇ?’ ಅಂತೆ. ಬುದ್ಧಿವಂತ ಮಾತು, ನಿಜ. ಅದಕ್ಕೇ ಈ ಹರಳನ್ನು ತರಿಸಲು ನಾನೇ ಒಪ್ಪಿ ಸಹಿ ಹಾಕಿದೆ. ಆದರೆ ಉತ್ತರ ಏನು ಬರುತ್ತದೆಂದು ನನಗೆ ಗೊತ್ತಿದೆ. ಹರಳು ಒಂದಿಷ್ಟು ಹೊಳೆದೀತು, ಉಬ್ಬಿನ ನೂರರಲ್ಲಿ ಐದು ಪಾಲು. ಅದನ್ನೂ ಕಳೆದರಾಯಿತು.

ಅಲ್ಲಿಯವರೆಗೆ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕಾರಿಡಾರಿನಲ್ಲಿ ನನ್ನ ಓಡಾಟ ನೋಡಿ ಕಸ ಗುಡಿಸುವಾಕೆ, "ಮೇಡಂ, ನೆಲ ಸವೀತಿದೆ" ಅಂದಳು. ಗ್ರಾಫನ್ನು ಗೋಡೆಗೆ ಅಂಟಿಸಿದ್ದೆ. ಉಬ್ಬಿನ ಮೇಲೆ ಬೆರಳಾಡಿಸಿ ಆಡಿಸಿ ಕಾಗದ ಅಲ್ಲಿ ಕಪ್ಪಾಗಿದೆ. ಏಪ್ರಿಲ್ ಸಮ್ಮೇಳನದಲ್ಲಿ ಮೊದಲ ದಿನದ ಮೊದಲ ಭಾಷಣ ನನ್ನದು. ನಮ್ಮ ನಿರ್ದೇಶಕರು, ಅದೇ ಕೆಮ್ಮು ಸಾಹೇಬರು, ಕರೆದು, ಪದ್ಧತಿಯಂತೆ ಮೂರು ಸಲ ಕೆಮ್ಮಿ, ಉಬ್ಬು ನಿಂತರೆ ಮುಂದಿನ ನೌಕೆ ನಮ್ಮ ಗುಂಪಿಗೆ, ನಿಲ್ಲದಿದ್ದರೆ ಗುಂಪೇ ಇರುವುದಿಲ್ಲ ಅಂದರು. ಐದು ಜನ ಹುಡುಗ ಹುಡುಗಿಯರು ನನ್ನನ್ನು ನಂಬಿ ಬಂದಿದ್ದಾರೆ. ಏಳು ವರ್ಷ, ಕಣೇ. ಬೇರೆಯವರ ಮುಂದೆ ಹೇಳುವುದಿಲ್ಲ, ನಿನಗೆ ಹೇಳುತ್ತೇನೆ: ಈ ಉಬ್ಬು ನನಗೆ ಬೇಕು. ವಿಶ್ವದ ಬಾಲ್ಯದಲ್ಲಿ ದ್ರವ್ಯವೂ ಅದರ ವೈರಿ ಪ್ರತಿದ್ರವ್ಯವೂ ಒಂದನ್ನೊಂದು ಸುಟ್ಟುಕೊಂಡಾಗ ಹೊಮ್ಮಿದ ಬೆಳಕನ್ನು ಮೊದಲು ಕಂಡವಳು ನಾನು ಎನ್ನಿಸಿಕೊಳ್ಳಬೇಕು. ಆಸೆಬುರುಕಿ ಅನ್ನು, ಪರವಾಗಿಲ್ಲ.

ಅಮ್ಮ ಕೇಳುತ್ತಿದ್ದಾಳೆ, "ಹಡಗಲ್ಲಿ ಸ್ವೆಟರ್ ಹಾಕ್ಕೊತಾಳಾ?"

ಅಕ್ಕ


ಫೆಬ್ರವರಿ ೨೭
ಹಡಗಿನಿಂದ

ಅಕ್ಕಾ,

ನಿನ್ನ ಪತ್ರ ಸಾಮಾನು ತರುವ ದೋಣಿಯಲ್ಲಿ ಬಂತು. ಸ್ವೆಟರ್ ಹಾಕಿಕೊಳ್ಳುತ್ತೇನೆ.

ಮೊನ್ನೆ ತಾಲೀಮು ಮಾಡಿದೆವು. ಖಾಲಿ ಡಬ್ಬಿಯೊಂದನ್ನು ಸಮುದ್ರಕ್ಕೆ ಎಸೆದು, ಕ್ರೇನಿನಲ್ಲಿ ಎತ್ತಿ, ಬಿಚ್ಚಿ, ಒಳಗಿನದನ್ನು ಓಡಿಸಿಕೊಂಡು ಆಲೂಗಡ್ಡೆ ಕೋಣೆಗೆ ತರುವುದು. ಅಲೆ ಎಷ್ಟು ದೊಡ್ಡದಿತ್ತೆಂದರೆ ಡಬ್ಬಿ ತೊಟ್ಟಿಲ ಹಾಗೆ ತೂಗಿಕೊಂಡು ಬಂದು ನನ್ನ ಹುಬ್ಬಿಗೆ ಮುತ್ತಿಟ್ಟಿತು. ಮೂರು ಹೊಲಿಗೆ. ಹಾಕಿದವರು ಕಪ್ತಾನರೇ, ಹಾಯಿ ಹೊಲಿದ ಕೈ, ಗಂಟು ಗಟ್ಟಿಯಾಗಿದೆ. ಇದನ್ನು ಅಮ್ಮನಿಗೆ ಹೇಳಿದರೆ ನಿನ್ನ ನನ್ನ ಸಂಬಂಧ ಮುಗಿಯಿತು.

ಎರಡನೆಯ ತಾಲೀಮಿನಲ್ಲಿ ಎಲ್ಲ ಸರಿಹೋಯಿತು. ಡಬ್ಬಿ ಡೆಕ್ಕು ಮುಟ್ಟಿದ ಮೇಲೆ ಹರಳನ್ನು ಗೂಡಿನಲ್ಲಿ ಕೂರಿಸುವುದಕ್ಕೆ ಇಪ್ಪತ್ತು ನಿಮಿಷ ಸಾಕು. ಏಟು ತಿಂದ ಹರಳಿನೊಳಗೆ ಯಾವ ಯಾವ ವಸ್ತು ಎಷ್ಟು ಹೊತ್ತು ಹೊಳೆಯುತ್ತದೆಂದು ನೀನು ಬರೆದುಕೊಟ್ಟ ಪಟ್ಟಿಯನ್ನು ಗೂಡಿನ ಮೇಲೇ ಅಂಟಿಸಿದ್ದೇನೆ. ದಿನಗಟ್ಟಲೆ ಹೊಳೆಯುವ ಅಯೊಡಿನ್ನಿನ ಬಗ್ಗೆ ನನಗೆ ಚಿಂತೆಯಿಲ್ಲ, ಅರ್ಧ ದಿನದ್ದೂ ಸಿಕ್ಕೀತು. ನನ್ನ ನಿದ್ದೆ ಕೆಡಿಸಿರುವುದು ಅಲ್ಪಾಯುಷಿ, ಅರ್ಧ ಗಂಟೆಯೊಳಗೆ ಅರ್ಧವಾಗುವಂಥದ್ದು. ಒಂದೆರಡು ಗಂಟೆ ತಡವಾದರೆ ಅದು ಇತ್ತೋ ಇರಲಿಲ್ಲವೋ ಎಂದು ಹೇಳುವುದಕ್ಕೂ ಏನೂ ಉಳಿದಿರುವುದಿಲ್ಲ. ನಿನ್ನ ಉಬ್ಬಿನ ಜಾಗದಲ್ಲೇ ಅದರ ಬೆಳಕೂ ಬೀಳುತ್ತದೆ. ಅದನ್ನು ಹಿಡಿಯಲೇಬೇಕು. ಹಿಡಿಯದಿದ್ದರೆ ನಾನು ಇಲ್ಲಿ ಆಲೂಗಡ್ಡೆ ತಿನ್ನುವುದಕ್ಕೆ ಬಂದಂತಾಯಿತು.

ಇನ್ನೊಂದು ಮಾತು. ನೀನು ನೂರರಲ್ಲಿ ಐದು ಪಾಲು ಅಂದೆ. ಅಕ್ಕಾ, ಐವತ್ತು ಬಂದರೆ? ಎಂಬತ್ತು ಬಂದರೆ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಅಭ್ಯಾಸ ನಮ್ಮ ಮನೆಯಲ್ಲಿ ನಿನಗೊಬ್ಬಳಿಗೇ ಇರಲಿಲ್ಲ. ಮೊದಲ ಭಾಷಣಕ್ಕೆ ಯಾಕೆ ಒಪ್ಪಿಕೊಂಡೆ? ಹರಳು ಕೆಟ್ಟ ಸುದ್ದಿ ಕೊಟ್ಟರೆ ಏನು ಮಾಡುತ್ತೀಯೆ ಅಂತ ನನಗೆ ಮೊದಲೇ ಬರೆ.

ತಂಗಿ


ಮಾರ್ಚ್ ೪
ಪ್ರಯೋಗಾಲಯ

ಚಿನಕುರುಳಿಗೆ,

ಹುಬ್ಬು ಹೇಗಿದೆ? ಓದಿ ಎದೆ ಝಲ್ಲೆಂದಿತು. ಇನ್ನೊಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು! ಅಮ್ಮನಿಗೆ ಹೇಳಿಲ್ಲ. ಆದರೆ ಅವಳು ಯಾಕೋ ಎರಡು ದಿನದಿಂದ, "ಅವಳ ಮುಖ ಸರಿ ಇದೆಯಾ?" ಅಂತ ಕೇಳುತ್ತಿದ್ದಾಳೆ. ತಾಯಂದಿರ ಡಿಟೆಕ್ಟರಿಗೆ ಕೋಲೂ ಬೇಡ, ಹರಳೂ ಬೇಡ.

ಇಲ್ಲಿ ಕೆಲಸ ಮೈಮೇಲೆ ಬಿದ್ದಿದೆ. ಭಾಷಣದ ಚಿತ್ರಗಳನ್ನು ಮೂರನೆಯ ಸಲ ಬರೆಸುತ್ತಿದ್ದೇನೆ. ಊಟದ ತಟ್ಟೆಯ ಮುಂದೆ ಕೂತರೆ ನೆನಪಾಗಿ ಎದ್ದುಬಿಡುತ್ತೇನೆ, ಎದ್ದ ಮೇಲೆ ಏನು ನೆನಪಾಯಿತೆಂದು ಮರೆಯುತ್ತೇನೆ.

ಒಂದು ಮಾತು ಕೇಳು. ಡಬ್ಬಿ ಬಿತ್ತು ಅಂತ ಹುಚ್ಚಿಯ ಹಾಗೆ ಓಡಬೇಡ. ಸಮುದ್ರ ಒರಟಾಗಿದ್ದರೆ ಇಳಿಯುವ ತನಕ ಕಾಯಿ. ಒಂದೆರಡು ಗಂಟೆ ಹೆಚ್ಚುಕಡಿಮೆ ಆದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ.

ಸ್ವೆಟರ್ ಮರೆಯಬೇಡ.

ಅಕ್ಕ


ಮಾರ್ಚ್ ೧೩
ಹಡಗಿನಿಂದ

ಅಕ್ಕ,

ಅಂಕಿಗಳು ತಂತಿಯಲ್ಲಿ ನಿನಗೆ ತಲುಪಿರಬೇಕು. ಹರಳು ಹೊಳೆಯುತ್ತಿದೆ. ಐದು ಪಾಲಲ್ಲ. ಹಾರದೆ ಉಳಿದ ಅದರ ಜೋಡಿ ಹರಳನ್ನೂ ಅದೇ ಗೂಡಿನಲ್ಲಿಟ್ಟು ಅಳೆದೆ, ಅದರಲ್ಲಿ ಏನೂ ಇಲ್ಲ. ಟೇಪುಗಳೂ ಹರಳೂ ವಿಮಾನದಲ್ಲಿ ಬರುತ್ತಿವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ, ಆದರೂ ನೀನೇ ನೋಡು.

ನಿನ್ನ ನಾಲ್ಕನೇ ತಾರೀಖಿನ ಪತ್ರ ಡಬ್ಬಿ ಬೀಳುವ ಹಿಂದಿನ ದಿನ ಕೈ ಸೇರಿತು. ಮೊದಲ ಸಲ ಓದಿದಾಗ ಅಕ್ಕನ ಕಾಳಜಿ ಎಂದುಕೊಂಡೆ. ಎರಡನೆಯ ಸಲ ಓದಿದಾಗ ‘ಒಂದೆರಡು ಗಂಟೆ’ ಕಣ್ಣಿಗೆ ಚುಚ್ಚಿತು. ಒಂದೆರಡು ಗಂಟೆ ತಡವಾದರೆ ಅಲ್ಪಾಯುಷಿ ಕೈತಪ್ಪುತ್ತದೆ ಎಂದು ನಾನು ನಿನಗೆ ಬರೆದಿದ್ದೆ. ಅದಕ್ಕೆ ನಿನ್ನ ಉತ್ತರ, ಒಂದೆರಡು ಗಂಟೆ ತಡವಾದರೂ ಆದೀತು. ಕೆಟ್ಟ ಸುದ್ದಿ ಬಂದರೆ ಏನು ಮಾಡುತ್ತೀಯೆ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಅಥವಾ ಇದೇ ಆ ಉತ್ತರವೇ?

ನನ್ನ ಕೈಯಿಂದ ಇಂಥದ್ದನ್ನು ಮಾಡಿಸಬೇಕೆಂದಿದ್ದರೆ ಬಾಯಿ ಬಿಟ್ಟು ಕೇಳಬೇಕಿತ್ತು. ಕೇಳಿದ್ದರೆ ಆಗುವುದಿಲ್ಲ ಅನ್ನುತ್ತಿದ್ದೆ. ಹುಬ್ಬಿನ ನೆಪ ಹೇಳಿ ಬರೆದೆಯಲ್ಲ, ಅದು ನನಗೆ ಡಬ್ಬಿಯ ಏಟಿಗಿಂತ ನೋಯಿತು.

ತಂಗಿ


ಮಾರ್ಚ್ ೨೪
ಪ್ರಯೋಗಾಲಯ

ಮಾನ್ಯರೇ,

ತಮ್ಮ ತಂತಿ ಸಂದೇಶ ಮತ್ತು ಟೇಪುಗಳು ತಲುಪಿವೆ. ವರದಿ ಸಿದ್ಧಪಡಿಸುವ ಮುನ್ನ ಈ ಕೆಳಗಿನವುಗಳಿಗೆ ತಮ್ಮ ವಿವರಣೆ ಬೇಕಾಗಿದೆ.

ಹಡಗಿನ ಉಕ್ಕು ಮತ್ತು ಬಣ್ಣದಿಂದ ಬರುವ ವಿಕಿರಣ ಗೂಡಿನೊಳಗೆ ನುಸುಳಿಲ್ಲ ಎಂಬುದಕ್ಕೆ ಆಧಾರವೇನು? ಬೆಳಕು ಎಣಿಸುವ ಟ್ಯೂಬಿನ ವೋಲ್ಟೇಜನ್ನು ಎಷ್ಟು ಬಾರಿ ಪರೀಕ್ಷಿಸಲಾಯಿತು? ಜೋಡಿ ಹರಳನ್ನು ಮೊದಲು ಅಳೆಯದೆ ಅನಂತರ ಅಳೆದದ್ದೇಕೆ? ಡಬ್ಬಿ ಹಡಗಿಗೆ ಬಂದ ಹೊತ್ತಿಗೂ ಅಳತೆ ಆರಂಭವಾದ ಹೊತ್ತಿಗೂ ನಡುವೆ ಎರಡು ಗಂಟೆಗೂ ಹೆಚ್ಚಿನ ಅಂತರ ಕಾಣುತ್ತಿದ್ದು, ಇದಕ್ಕೆ ಕಾರಣವೇನು?

ಆದಷ್ಟು ಬೇಗ ಉತ್ತರಿಸುವುದು.

ಮುಖ್ಯಸ್ಥೆ, ಗಾಮಾ ಕಿರಣ ವಿಭಾಗ

(ಕೈಬರಹದಲ್ಲಿ:) ಆರನೆಯ ಹೆಸರಿನ ನೋವು ಇಷ್ಟು ದೊಡ್ಡದಾಗಿತ್ತು ಎಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಬೇರೆಯವರನ್ನು ಹಡಗಿಗೆ ಕಳಿಸುತ್ತಿದ್ದೆ.


ಮಾರ್ಚ್ ೩೦
ಬಂದರಿನ ವಸತಿಗೃಹ

ಮಾನ್ಯ ಮುಖ್ಯಸ್ಥೆಯವರೇ,

ಉಕ್ಕು ಮತ್ತು ಬಣ್ಣ: ಖಾಲಿ ಗೂಡನ್ನು ಮೂರು ದಿನ ಅಳೆದ ಟೇಪು ಎರಡನೆಯ ಪೆಟ್ಟಿಗೆಯಲ್ಲಿದೆ, ತಾವು ತೆರೆದಿಲ್ಲವೆಂದು ಕಾಣುತ್ತದೆ. ವೋಲ್ಟೇಜು: ಪ್ರತಿ ಅಳತೆಗೂ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಜೋಡಿ ಹರಳು ಅನಂತರ: ಅದಕ್ಕೆ ವಯಸ್ಸಾಗುವುದಿಲ್ಲ, ಕಾಯಬಲ್ಲದು. ಅಂತರ: ಹಡಗಿನಲ್ಲಿ ಕೆಲಸ ಪ್ರಯೋಗಾಲಯದಲ್ಲಿ ಆದ ಹಾಗೆ ಆಗುವುದಿಲ್ಲ.

ಸರಕಾರಿ ಉತ್ತರ ಮುಗಿಯಿತು. ಈಗ ಅಕ್ಕನಿಗೆ.

ಹೊಟ್ಟೆಕಿಚ್ಚಾ? ನನಗಾ? ಆ ಡಿಟೆಕ್ಟರಿನ ಒಂದೊಂದು ತಂತಿಯನ್ನೂ ಬೆಸುಗೆ ಹಾಕಿದವಳು ನಾನು. ಉಬ್ಬು ಬಿದ್ದರೆ ನಿನ್ನದು ಮಾತ್ರ ಬೀಳುತ್ತದಾ? ನೀನು ಭಾಷಣ ಕಳೆದುಕೊಳ್ಳುತ್ತೀಯೆ, ನಾನು ನನ್ನ ಕೈಯಲ್ಲಿ ಮಾಡಿದ್ದು ಸುಳ್ಳು ಹೇಳಿತು ಎಂದು ಊರೆಲ್ಲ ಸಾರಬೇಕು. ಕುರ್ಚಿಯ ಮೇಲೆ ಕುಣಿದವಳು ನಾನು ಅಂತ ನೀನೇ ಬರೆದೆ. ಅಷ್ಟು ಬೇಗ ಮರೆತೆ.

ಇಲ್ಲಿ ಮೂರು ದಿನದಿಂದ ಸಾಮಾನು ಕಟ್ಟುವುದು ಬಿಚ್ಚುವುದು ಮಾಡುತ್ತಿದ್ದೇನೆ. ಕಿಟಕಿ ಇರುವ ಕೋಣೆ ಸಿಕ್ಕಿದೆ, ನೆಲವೂ ಅಲುಗುವುದಿಲ್ಲ, ಆದರೂ ನಿದ್ದೆಯಿಲ್ಲ. ಬೀದಿಗೆ ಇಳಿದು ಲಾರಿಗಳ ನಡುವೆ ನಡೆಯುತ್ತೇನೆ, ಏನೋ ಮರೆತವಳ ಹಾಗೆ ವಾಪಸು ಬರುತ್ತೇನೆ. ಮನೆಗೆ ಫೋನು ಮಾಡಿದರೆ ಅಮ್ಮ, "ನೀವಿಬ್ಬರೂ ಜಗಳ ಆಡಿದ್ರಾ?" ಅಂದಳು. ಇಲ್ಲ ಅಂದೆ. "ಮತ್ತೆ ಅವಳ್ಯಾಕೆ ನಿನ್ನ ಹೆಸರು ಎತ್ತಿದ್ರೆ ಎದ್ದು ಹೋಗ್ತಾಳೆ?" ಅಂದಳು. ಅವಳಿಗೆ ಏನು ಹೇಳಬೇಕೋ ನೀನೇ ಹೇಳು.

ತಂಗಿ


ಏಪ್ರಿಲ್ ೭
ಮನೆಯಿಂದ

ನನ್ನ ಚಿನಕುರುಳೀ,

ಆ ಸರಕಾರಿ ಪತ್ರವನ್ನು ಹರಿದು ಹಾಕು. ಕೆಳಗಿನ ಕೈಬರಹವನ್ನು ಇನ್ನೂ ಸಣ್ಣ ಚೂರು ಮಾಡು. ಟೈಪು ಮಾಡುವಾಗಲೇ ನಾಚಿಕೆಯಾಗಿತ್ತು, ನಾಚಿಕೆಯಾದಷ್ಟೂ ಭಾಷೆ ಬಿಗಿಯಾಯಿತು.

ನಿನ್ನ ಹರಳು ಬಂದ ಮೇಲೆ ನೆಲಮಾಳಿಗೆಯ ದೊಡ್ಡ ಗೂಡಿನಲ್ಲಿ ನಾನೇ ಇಟ್ಟೆ, ಯಾರನ್ನೂ ಜೊತೆಗೆ ಕರೆಯಲಿಲ್ಲ. ಹತ್ತು ದಿನ ಕಳೆದ ಮೇಲೂ ಹೊಳೆಯುತ್ತಿತ್ತು. ಸಣ್ಣಗೆ, ಆದರೆ ತಪ್ಪೇ ಇಲ್ಲದ ಹಾಗೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದೆ, ನಿನ್ನ ಅಂಕಿಗಳ ಮೇಲೇ ಬಂದು ಕೂತಿತು. ಸ್ಟೂಲಿನ ಮೇಲೆ ಕೂತು ಅತ್ತೆ. ಯಾರಾದರೂ ಬಂದಾರೆಂದು ಅಳುತ್ತಲೇ ಟೇಪು ಬದಲಿಸಿದೆ. ಗಡ್ಡದವನು ಸರಿ, ನೀನು ಸರಿ. ಏಳು ವರ್ಷ ನಾನು ಬೆರಳಾಡಿಸಿದ್ದು ನಮ್ಮದೇ ಹರಳಿನ ಬೆನ್ನ ಮೇಲೆ.

ಆ ಒಂದೆರಡು ಗಂಟೆಯ ಮಾತಿಗೆ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಬರೆಯುವಾಗ ನಿನ್ನ ಹುಬ್ಬು ಕಣ್ಣ ಮುಂದಿತ್ತು, ಅದು ಅಮ್ಮನಾಣೆಗೂ ನಿಜ. ಆದರೆ ‘ಜೋಪಾನ’ ಎಂದಷ್ಟೇ ಬರೆಯಬಹುದಿತ್ತಲ್ಲ, ಗಂಟೆಯ ಲೆಕ್ಕ ಯಾಕೆ ಬಂತು? ನಿನ್ನ ಪ್ರಶ್ನೆಗೆ ಯಾಕೆ ಉತ್ತರಿಸಲಿಲ್ಲ? ಎಷ್ಟು ಸಲ ಕೇಳಿಕೊಂಡರೂ ಇಷ್ಟು ಕಾಳಜಿ, ಇಷ್ಟು ಆಸೆ ಎಂದು ಬೇರೆ ಮಾಡಲು ಆಗುತ್ತಿಲ್ಲ. ನಾನು ಹಾಗೆ ಅಂದುಕೊಂಡಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಕ್ಷಮಿಸು.

ಈಗ ಒಳ್ಳೆಯ ಸುದ್ದಿ. ಎಲ್ಲವೂ ಮುಳುಗಿಲ್ಲ! ನೀನು ಅಳೆದದ್ದನ್ನೆಲ್ಲ ಕಳೆದರೆ ಉಬ್ಬಿನ ಮೂರರಲ್ಲಿ ಎರಡು ಪಾಲು ಹೋಗುತ್ತದೆ. ಒಂದು ಪಾಲು ಉಳಿಯುತ್ತದೆ. ಅಲ್ಪಾಯುಷಿಯ ಲೆಕ್ಕ ಸಿಗಲಿಲ್ಲ, ನಿಜ. ಆದರೆ ಅಳೆಯಲಾಗದ್ದನ್ನು ಹರಳಿನ ತಲೆಗೆ ಕಟ್ಟುವುದು ಹೇಗೆ? ನನ್ನ ಅಂದಾಜಿನಲ್ಲಿ ಅದು ತೀರ ಸಣ್ಣದು. ಉಳಿದ ಪಾಲು ಆಕಾಶದ್ದೇ ಎಂದು ಭಾಷಣದಲ್ಲಿ ಹೇಳುತ್ತೇನೆ. ಕೆಮ್ಮು ಸಾಹೇಬರು ಒಂದೇ ಸಲ ಕೆಮ್ಮಿ ಒಪ್ಪಿದರು. ಮೂರನೇ ಒಂದು ಪಾಲು ಉಬ್ಬಿಗೂ ಮುಂದಿನ ನೌಕೆ ಸಿಕ್ಕೀತು, ಹುಡುಗರು ಬೀದಿಪಾಲಾಗುವುದಿಲ್ಲ.

ಕರಡಿನ ಪ್ರತಿ ಇದರೊಳಗಿದೆ. ನಾಲ್ಕನೇ ಪುಟದಲ್ಲಿ ನಿನ್ನ ಎರಡು ಗಂಟೆಗೆ ಕಾರಣ ಬರೆದಿದ್ದೇನೆ: ‘ಸಮುದ್ರದ ಅಬ್ಬರದಿಂದಾಗಿ ಹರಳನ್ನು ಗೂಡಿಗೆ ಸೇರಿಸುವುದು ತಡವಾಯಿತು.’ ಆ ಅಲೆಗಳಲ್ಲಿ ಅದನ್ನು ಬೇಗ ಮಾಡಲು ಯಾರಿಂದ ಸಾಧ್ಯವಿತ್ತು? ನಿನ್ನನ್ನು ಯಾರೂ ಒಂದು ಮಾತು ಅನ್ನಬಾರದು. ಮೊದಲ ಪುಟವನ್ನೂ ನೋಡು. ಮೊದಲ ಹೆಸರು ನಿನ್ನದು, ಎರಡನೆಯದು ನನ್ನದು. ಹದಿನಾರಕ್ಕೆ ಅಚ್ಚಿಗೆ ಹೋಗುತ್ತದೆ. ಸರಿ ಎಂದು ಒಂದು ಸಾಲು ಬರೆ, ಬಂದುಬಿಡು. ಅಮ್ಮ ನಿನ್ನ ಹಾಸಿಗೆಯನ್ನು ದಿನಾ ಬಿಸಿಲಿಗೆ ಹಾಕುತ್ತಿದ್ದಾಳೆ.

ಅಕ್ಕ


ಏಪ್ರಿಲ್ ೧೧
ಬಂದರಿನ ವಸತಿಗೃಹ

ಅಕ್ಕಾ,

ಮೊದಲ ಪುಟ ನೋಡಿ ನಕ್ಕೆ. ಒಳ್ಳೆಯದಕ್ಕೆ ಆರನೆಯವಳು, ಕೆಟ್ಟದ್ದಕ್ಕೆ ಮೊದಲನೆಯವಳಾ? ಆಮೇಲೆ ನಾಲ್ಕನೆಯ ಪುಟಕ್ಕೆ ಬಂದೆ. ಅಲ್ಲಿಂದ ಎರಡು ದಿನ ಈ ಪತ್ರವನ್ನು ಬರೆಯುವುದು, ಉಂಡೆ ಮಾಡಿ ಎಸೆಯುವುದೇ ಆಗಿದೆ.

ಡಬ್ಬಿ ಬೆಳಿಗ್ಗೆ ಬಿತ್ತು. ಕ್ರೇನಿನವರು ಹೂವಿನ ಹಾಗೆ ಎತ್ತಿಕೊಟ್ಟರು. ತಾಲೀಮಿಗಿಂತಲೂ ಬೇಗ ಹರಳನ್ನು ಗೂಡಿನಲ್ಲಿ ಕೂರಿಸಿ, ಟ್ಯೂಬು ಜೋಡಿಸಿ, ಮುಚ್ಚಳ ಎಳೆದೆ. ಉಳಿದದ್ದು ಅಂಕಿ ದಾಖಲಿಸುವ ಟೇಪಿನ ಗುಂಡಿ ಒತ್ತುವುದು, ಅಷ್ಟೇ. ಮೀಟರು ನೋಡಿದೆ. ಮುಳ್ಳು ಎಲ್ಲೋ ಕೆಳಗೆ ಅಲ್ಲಾಡುತ್ತಿರಬೇಕಿತ್ತು, ಅದು ಬಲತುದಿಯ ಹತ್ತಿರ ಹೋಗಿ ನಿಂತಿತ್ತು. ಗುಂಡಿಯ ಮೇಲೆ ಬೆರಳಿತ್ತು, ಒತ್ತಲಿಲ್ಲ. ನಿನ್ನ ಪತ್ರ ಸ್ವೆಟರಿನ ಜೇಬಿನಲ್ಲಿತ್ತು. ಒಂದೆರಡು ಗಂಟೆ ಅಂದಿದ್ದಾಳೆ, ಅಕ್ಕ ನನ್ನನ್ನು ಯಾವತ್ತೂ ಏನೂ ಕೇಳಿದವಳಲ್ಲ, ಇದೊಂದು ಕೊಟ್ಟುಬಿಡೋಣ ಅನ್ನಿಸಿತು. ಆ ಗೂಡಿಗೆ ಒರಗಿ ಕೂತುಬಿಟ್ಟೆ. ಅಡುಗೆಯವನು ಬಾಗಿಲಲ್ಲಿ ಇಣುಕಿ, "ಏನಾಯ್ತು ಮೇಡಂ, ನಿಮ್ಮ ರಾಜ ಮಾತಾಡ್ತಿಲ್ವಾ?" ಅಂದ. ಹೋಗು ಅಂತ ಕಿರುಚಿದೆ.

ಮುಳ್ಳು ನನ್ನ ಕಣ್ಣೆದುರೇ ಇಳಿಯಿತು, ಅಕ್ಕ. ಮೊದಲು ಬೇಗ ಬೇಗ, ಆಮೇಲೆ ನಿಧಾನ. ಇನ್ನು ಇಳಿಯುವುದಿಲ್ಲ ಅನ್ನುವಲ್ಲಿ ನಿಂತಾಗ ಎಚ್ಚರವಾದವಳ ಹಾಗೆ ಗುಂಡಿ ಒತ್ತಿದೆ. ನಿನ್ನ ಹತ್ತಿರ ಇರುವುದು ಅಲ್ಲಿಂದಾಚೆಗಿನ ಅಂಕಿ ಮಾತ್ರ. ಮೊದಲು ಇದ್ದದ್ದರಲ್ಲಿ ಮೂರನೇ ಒಂದು ಪಾಲಾದರೂ ಅಷ್ಟರಲ್ಲಿ ಇಳಿದುಹೋಗಿತ್ತು. ಅದು ಎಲ್ಲೂ ದಾಖಲಾಗಿಲ್ಲ, ನಾನು ನೋಡಿದ್ದೇನೆ ಅಷ್ಟೇ.

ಆ ಸಿಟ್ಟಿನ ಪತ್ರ ಬರೆದದ್ದು ಅದರ ಮಾರನೆಯ ದಿನ. ನಿನ್ನನ್ನು ಬೈದಷ್ಟೂ ನನ್ನದು ಮುಚ್ಚಿಹೋಗುತ್ತದೆ ಅಂದುಕೊಂಡೆ. ಕುಂಬಳಕಾಯಿ ಕಳ್ಳಿ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ, ಬೇರೆಯವರ ಹೆಗಲು ತೋರಿಸಿದಳು. ನೀನು ಬಾಯಿ ಬಿಟ್ಟು ಕೇಳಿದ್ದರೆ ಆಗುವುದಿಲ್ಲ ಅನ್ನುತ್ತಿದ್ದೆ ಎಂದು ಬರೆದೆನಲ್ಲ, ಅದಂತೂ ನಿಜ. ಕೇಳದೆ ಹೋದದ್ದಕ್ಕೇ ಕೊಟ್ಟುಬಿಟ್ಟೆ.

ಆ ಉಳಿದ ಒಂದು ಪಾಲು ಆಕಾಶದ್ದಲ್ಲ. ನಾನು ಸುಮ್ಮನೆ ಕೂತದ್ದರಿಂದ ಹುಟ್ಟಿದ್ದು. ಅದನ್ನು ಹಿಡಿದುಕೊಂಡು ವೇದಿಕೆ ಹತ್ತಬೇಡ. ಹುಡುಗರ ಗತಿ, ನೌಕೆಯ ಗತಿ, ನಿನ್ನ ಗತಿ ಎಲ್ಲ ಯೋಚಿಸಿದೆ. ಆದರೂ ಇದನ್ನು ಅಂಚೆಗೆ ಹಾಕದೆ ಈ ಬೀದಿಯಿಂದ ನಾನು ಕದಲಲಾರೆ.

ಮೊದಲ ಹೆಸರು ಇರಲಿ. ನಾಲ್ಕನೇ ಪುಟದ ವಾಕ್ಯವನ್ನು ಮಾತ್ರ ತಿದ್ದಿಬಿಡು. ಆವತ್ತು ಸಮುದ್ರ ಅಲುಗಾಡಲೇ ಇಲ್ಲ.

ತಂಗಿ